ವ್ಯಾಕ್ಸ್ ಆದಮೇಲೆ ಗುಳ್ಳೆ, ಒಳಗೇ ಸುತ್ತಿಕೊಂಡ ಕೂದಲು: ಚರ್ಮದ ಡಾಕ್ಟ್ರ ಉತ್ತರ

ಪ್ರಶ್ನೆ (ಸುರತ್ಕಲ್): ಮೇಡಂ, ವ್ಯಾಕ್ಸ್ ಮಾಡಿಸಿ ಒಂದೆರಡು ವಾರಕ್ಕೆ ತೊಡೆ ತುಂಬ ಕೆಂಪು ಗುಳ್ಳೆ ಏಳುತ್ತದೆ. ಕೆಲವದರಲ್ಲಿ ಕೂದಲು ಒಳಗೇ ಸುತ್ತಿಕೊಂಡಿರುವುದು ಕಾಣಿಸುತ್ತದೆ. ಪಿನ್ನಿಂದ ಚುಚ್ಚಿ ತೆಗೆದರೆ ಕಪ್ಪು ಕಲೆ ಉಳಿಯುತ್ತದೆ. ಅತ್ತೆ ಇದು ಉಷ್ಣ, ಬೊಂಡ ಕುಡಿ ಅಂತಾರೆ.

ಉತ್ತರ: ಬೊಂಡ ಕುಡಿಯಿರಿ, ಈ ಸೆಖೆಗೆ ಒಳ್ಳೆಯದೇ. ಆದರೆ ಈ ಗುಳ್ಳೆಗೂ ಉಷ್ಣಕ್ಕೂ ಸಂಬಂಧ ಇಲ್ಲ. ವ್ಯಾಕ್ಸ್ ಎಳೆಯುವಾಗ ಎಲ್ಲ ಕೂದಲೂ ಬುಡಸಮೇತ ಬರುವುದಿಲ್ಲ. ಕೆಲವು ಚರ್ಮದೊಳಗೇ ತುಂಡಾಗುತ್ತವೆ. ಮತ್ತೆ ಬೆಳೆಯುವಾಗ ಹೊರದಾರಿ ಸಿಗದೆ ಪಕ್ಕಕ್ಕೆ ತಿರುಗುತ್ತವೆ. ದೇಹ ಆ ಕೂದಲನ್ನು ಹೊರಗಿನ ವಸ್ತು ಅಂದುಕೊಳ್ಳುತ್ತದೆ. ಕೆಂಪು, ತುರಿಕೆ, ನೋವು ಎಲ್ಲ ಅದರಿಂದ. ಗುಂಗುರು ಕೂದಲಿನವರಿಗೆ ಇದು ಜಾಸ್ತಿ. ಬೆವರಿಗೆ ಅಂಟಿದ ಬಿಗಿ ಲೆಗ್ಗಿಂಗ್ಸ್ ಉಜ್ಜುತ್ತಿದ್ದರೆ ಕೇಳುವುದೇ ಬೇಡ.

3-4 ವಾರ ವ್ಯಾಕ್ಸ್, ರೇಜರ್ ಎರಡೂ ಬಂದ್ ಮಾಡಿ. ಹೆಚ್ಚಿನವು ತಾನಾಗೇ ಹೊರಬರುತ್ತವೆ. ದಿನಕ್ಕೊಮ್ಮೆ ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು 10-15 ನಿಮಿಷ ಇಡಿ. ಕೂದಲಿನ ಕುಣಿಕೆ ಚರ್ಮದ ಮೇಲೆ ಕಂಡರೆ ಮಾತ್ರ, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯನ್ನು ಕುಣಿಕೆಯಡಿ ತೂರಿಸಿ ಮೆಲ್ಲ ಎತ್ತಿ. ಅಷ್ಟೇ. ಕೀಳಬೇಡಿ, ಕಿತ್ತರೆ ಮತ್ತೆ ಅದೇ ಕತೆ. ಕಾಣದ ಕೂದಲಿಗಾಗಿ ಅಗೆಯಲೂ ಬೇಡಿ. ನಿಮ್ಮ ಕಪ್ಪು ಕಲೆಗಳು ಜಾಸ್ತಿ ಆದದ್ದು ಆ ಪಿನ್ನಿಂದಲೇ. ರಾತ್ರಿ 2% ಸ್ಯಾಲಿಸಿಲಿಕ್ ಆಸಿಡ್ ಲೋಷನ್ ತೆಳುವಾಗಿ ಹಚ್ಚಬಹುದು. ಉರಿದರೆ ದಿನ ಬಿಟ್ಟು ದಿನ. ಗರ್ಭಿಣಿಯಾಗಿದ್ದರೆ ಮೊದಲು ನಿಮ್ಮ ಡಾಕ್ಟ್ರನ್ನು ಕೇಳಿ.

ಪ್ರಶ್ನೆ (ಸುರತ್ಕಲ್‌ನವರೇ ಮತ್ತೆ): ಮೆಡಿಕಲ್‌ನಲ್ಲಿ ಒಂದು ಟ್ಯೂಬ್ ಕೊಟ್ಟಿದ್ದರು. ಎರಡೇ ದಿನಕ್ಕೆ ಕೆಂಪು ಇಳಿಯಿತು. ಅದನ್ನೇ ಹಚ್ಚಲಾ?

ಉತ್ತರ: ಟ್ಯೂಬಿನ ಮೇಲೆ ಕ್ಲೋಬೆಟಸಾಲ್ ಅಥವಾ ಬೆಕ್ಲೋಮೆಥಸೋನ್ ಅಂತ ಇದೆಯಾ ನೋಡಿ. ಇದ್ದರೆ ಸ್ಟೀರಾಯ್ಡ್. ನಮ್ಮಲ್ಲಿ ಇದನ್ನು ಸುಮ್ನೆ ಕೇಳಿ ತರುವವರೇ ಜಾಸ್ತಿ, ನನಗೆ ಸಿಟ್ಟು ಬರುವುದು ಇಲ್ಲೇ. ಕೆಂಪು ಬೇಗ ಇಳಿಯುತ್ತದೆ, ನಿಜ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಗೀರು ಬೀಳುತ್ತದೆ. ತೊಡೆಸಂದಿಯಲ್ಲಿ ಗಜಕರ್ಣ ಇದ್ದರೆ ಗುರುತೇ ಸಿಗದಂತೆ ಹರಡುತ್ತದೆ. ಡಾಕ್ಟ್ರು ಬರೆದುಕೊಡದೆ ಬೇಡ.

ಪ್ರಶ್ನೆ (ಮಣಿಪಾಲ): ನನಗೆ ಕುತ್ತಿಗೆಯಲ್ಲಿ, ಗಡ್ಡ ತೆಗೆದಾಗೆಲ್ಲ ಇದೇ ಕಾಟ. ಐದು ಬ್ಲೇಡಿನ ರೇಜರ್ ಬಳಸುತ್ತೇನೆ.

ಉತ್ತರ: ತೊಂದರೆ ಆ ಐದು ಬ್ಲೇಡಿನಲ್ಲೇ ಇರಬಹುದು ಮಾರಾಯ್ರೆ. ಮುಂದಿನದು ಕೂದಲನ್ನು ಎತ್ತುತ್ತದೆ, ಹಿಂದಿನದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ಚೂಪಾದ ತುದಿ ವಾಪಸ್ ಒಳಕ್ಕೆ ಚುಚ್ಚುತ್ತದೆ. ಟ್ರಿಮ್ಮರ್ ಹಿಡಿದು ಸ್ವಲ್ಪ, ಒಂದು ಮಿಲಿಮೀಟರಾದರೂ ಉಳಿಸಿ. ನುಣ್ಣಗೆ ಮಾಡಲೇಬೇಕಾದರೆ ಸ್ನಾನ ಆದ ಕೂಡಲೇ, ಒಂದೇ ಬ್ಲೇಡು, ಕೂದಲು ಬೆಳೆಯುವ ದಿಕ್ಕಿಗೇ. ಚರ್ಮ ಎಳೆದು ಹಿಡಿಯಬೇಡಿ. ಪದೇಪದೇ ಆಗುವವರಿಗೆ ಕೂದಲು ತೆಗೆಯುವ ಲೇಸರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹಲವು ಸಲ ಹೋಗಬೇಕು, ಖರ್ಚೂ ಇದೆ. ನಮ್ಮ ಮೈಬಣ್ಣಕ್ಕೆ ಎನ್‌ಡಿ-ಯಾಗ್ ಅನ್ನುವ ಬಗೆಯ ಲೇಸರ್‌ನಲ್ಲಿ ಸುಟ್ಟ ಕಲೆಯ ಭಯ ಕಡಿಮೆ. ಅದು ಇದೆಯಾ ಅಂತ ಕೇಳಿಯೇ ದುಡ್ಡು ಕಟ್ಟಿ.

ಕೀವು ತುಂಬಿ ಗಡ್ಡೆಯಾದರೆ, ಕೆಂಪು ಸುತ್ತ ಹರಡಿದರೆ, ಜ್ವರ ಬಂದರೆ ಇಲ್ಲಿ ಫೋಟೋ ಹಾಕಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಶುಗರ್ ಇರುವವರು ಅಷ್ಟು ದೂರ ಬಿಡಲೇಬಾರದು.