ಪದ ಬೇಕಾಗಿದೆ, ಸೋಮವಾರದೊಳಗೆ: ಬಿಸಿಲಿನ ಸಂದರ್ಭದಲ್ಲಿ ‘ರೆಸಿಲಿಯನ್ಸ್’

ಕಲಬುರಗಿಯಿಂದ:

ಮಾನ್ಯರೆ, ವಿಪರೀತ ಬಿಸಿಲನ್ನೂ ಹವಾಮಾನದ ಏರುಪೇರಿನಿಂದಾಗುವ ಇತರ ಅನಾಹುತಗಳನ್ನೂ ಎದುರಿಸಲು ವಾರ್ಡಿನ ಜನರನ್ನು ಸಜ್ಜುಗೊಳಿಸುವ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಅನುವಾದಿಸುತ್ತಿದ್ದೇನೆ. ‘ಕಮ್ಯುನಿಟಿ ರೆಸಿಲಿಯನ್ಸ್’ (ಪೆಟ್ಟು ಬಿದ್ದರೂ ಜನ ಒಟ್ಟಾಗಿ ಉಳಿದು ಚೇತರಿಸಿಕೊಳ್ಳುವ ಗುಣ) ಎಂಬ ಜೋಡಿಪದ ಪುಟಪುಟದಲ್ಲೂ ಬರುತ್ತದೆ. ಕೆಲಸ ಕೊಟ್ಟವರು ಕಳಿಸಿದ ಪದಪಟ್ಟಿಯಲ್ಲಿ ಅದಕ್ಕೆ ‘ಸಮುದಾಯ ಸ್ಥಿತಿಸ್ಥಾಪಕತ್ವ’ ಎಂದಿದೆ. ಕರಡನ್ನು ಓದಿದ ಆಶಾ ಕಾರ್ಯಕರ್ತೆಯೊಬ್ಬರು, ಇದು ಯಾವ ಸಮುದಾಯದವರಿಗೆ ಬಂದ ಯೋಜನೆ ಎಂದು ಕೇಳಿದರು. ಇದಲ್ಲದೆ ಎರಡು ಫಲಕಗಳೂ ಆಗಬೇಕು: ಒಂದು ‘ಹೀಟ್ ವೇವ್’ ಎಚ್ಚರಿಕೆಗೆ, ಇನ್ನೊಂದು ‘ಕೂಲಿಂಗ್ ಸೆಂಟರ್’ ಬಾಗಿಲಿಗೆ. ಬಣ್ಣದವರು ಸೋಮವಾರ ಬರುತ್ತಾರೆ. ಫಲಕದ ಅಗಲ ಮೂರೇ ಅಡಿ.

ಮೈಸೂರಿನಿಂದ:

‘ಸ್ಥಿತಿಸ್ಥಾಪಕತ್ವ’ ಸರಿಯಾಗಿಯೇ ಇದೆ. ಎಳೆದುಬಿಟ್ಟ ವಸ್ತು ಮೊದಲಿನ ಸ್ಥಿತಿಗೆ ಮರಳುವ ಗುಣಕ್ಕೆ ಭೌತಶಾಸ್ತ್ರದ ಪಠ್ಯಗಳಲ್ಲಿ ನೆಲೆಗೊಂಡ ಪದವದು. ಪಾರಿಭಾಷಿಕ ಪದವನ್ನು ಓದುಗರು ಕಲಿಯಬೇಕೇ ಹೊರತು, ಓದುಗರಿಗೆ ಕಷ್ಟವೆಂದು ಪದವನ್ನು ಬದಲಿಸುತ್ತ ಹೋಗಬಾರದು. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಶಿವಮೊಗ್ಗದಿಂದ:

ಚರ್ಚಿಸುವಂಥದ್ದು ಬೇಕಾದಷ್ಟಿದೆ. ನಮ್ಮವರು ನಿಜವಾಗಿ ಕಂಡುಂಡ ಕೇಡುಗಳಿಗೆಲ್ಲ ನಮ್ಮವೇ ಹೆಸರುಗಳಿವೆ. ‘ನೆರೆ’ಯ ಹಿಂದೆ ತುಂಬುವುದೆಂಬ ಅರ್ಥದ ‘ನೆಱೆ’ ಇದೆ. ‘ಬರ’ ಹಳಗನ್ನಡದಲ್ಲಿ ‘ಬಱ’, ಒಣಗುವುದೆಂಬ ಅರ್ಥದ್ದು, ‘ಬರಡು’ ಅದರ ನೆಂಟ. ಎರಡೂ ಕೆಲಸವನ್ನು ಹೇಳುವ ಮಾತುಗಳು. ಅದೇ ದಾರಿಯಲ್ಲಿ ‘ತಾಳು’ ಎಂಬುದರಿಂದ ‘ತಾಳಿಕೆ’ ಬರುತ್ತದೆ. ಆರಕ್ಷರದ ಸಂಸ್ಕೃತವನ್ನು ಹೊರುವ ಬದಲು ಮೂರಕ್ಷರದ ಕನ್ನಡವನ್ನು ಬಳಸಿದರೆ ಮೂರಡಿಯ ಫಲಕದಲ್ಲಿ ಜಾಗವೂ ಉಳಿಯುತ್ತದೆ. ‘ಹೀಟ್ ವೇವ್’ಗೆ ‘ಬೇಗೆ’ ಸಾಕು. ‘ಬೇ’ ಧಾತುವಿನಿಂದ ಬಂದದ್ದು, ಬೇಯುವವರಿಗೆ ಅರ್ಥ ಹೇಳಿಕೊಡಬೇಕಾಗಿಲ್ಲ.

ಧಾರವಾಡದಿಂದ:

ಇಬ್ಬರೂ ಪದವನ್ನು ನೋಡಿದ್ದಾರೆ, ಬಿಸಿಲನ್ನು ನೋಡಿಲ್ಲ. ‘ರೆಸಿಲಿಯನ್ಸ್’ಗೆ ಮೂಲದ ಲ್ಯಾಟಿನ್ನಿನಲ್ಲಿ ಹಿಂದಕ್ಕೆ ಪುಟಿಯುವುದೆಂಬ ಅರ್ಥವಿರುವುದು ನಿಜ. ಆದರೆ ಈ ಪದವನ್ನು ಪರಿಸರವಿಜ್ಞಾನದಲ್ಲಿ ನೆಲೆಗೊಳಿಸಿದ ವಿಜ್ಞಾನಿ ಹಾಲಿಂಗ್ ಅವರ 1973ರ ಲೇಖನವೇ, ಕದಡಿದ ಮೇಲೆ ಮೊದಲಿನ ಸಮತೋಲಕ್ಕೆ ಮರಳುವ ಗುಣವನ್ನು ‘ಸ್ಟೆಬಿಲಿಟಿ’ ಎಂದು ಬೇರೆಯಾಗಿಟ್ಟು, ಪೆಟ್ಟನ್ನೂ ಬದಲಾವಣೆಯನ್ನೂ ಒಳಗೊಂಡು ಉಳಿಯುವ ಗುಣಕ್ಕೆ ‘ರೆಸಿಲಿಯನ್ಸ್’ ಎಂದಿತು. ಎಂದರೆ, ಮೈಸೂರಿನ ಮಹನೀಯರು ಕೊಟ್ಟಿರುವುದು ಹಾಲಿಂಗ್ ಪಕ್ಕಕ್ಕೆ ಸರಿಸಿದ ಅರ್ಥದ ಕನ್ನಡ. ರಬ್ಬರು ಮೊದಲಿನ ಸ್ಥಿತಿಗೆ ಮರಳಿದರೆ ಒಳ್ಳೆಯದೇ. ತಗಡಿನ ಮಾಡಿನ ಕೆಳಗೆ ಮೇ ತಿಂಗಳು ಕಳೆದ ಸಂಸಾರ ಮೊದಲಿನ ಸ್ಥಿತಿಗೆ ಮರಳಿದರೆ ಮುಂದಿನ ಮೇನಲ್ಲಿ ಮತ್ತೆ ಅದೇ ತಗಡಿನ ಕೆಳಗಿರುತ್ತದೆ. ಹಿಂದಿನವರ ಮೇಲ್ಮುದ್ದೆ ಮನೆಯ ದಪ್ಪ ಗೋಡೆಯಾಗಲಿ, ಈಗ ಚಾವಣಿಗೆ ಬಳಿಯುವ ಬಿಳಿ ಸುಣ್ಣವಾಗಲಿ, ಏಪ್ರಿಲ್ ಬಂತೆಂದರೆ ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿಯಾಗಲಿ, ಯಾವುದೂ ಪುಟಿಯುವುದಲ್ಲ. ಬಿಸಿಲಿಗೆ ತಕ್ಕಂತೆ ಬದುಕನ್ನು ಹೊಂದಿಸಿಕೊಳ್ಳುವುದು.

‘ತಾಳಿಕೆ’ಯ ತೊಂದರೆ ಇನ್ನೂ ದೊಡ್ಡದು. ಚಪ್ಪಲಿಗೆ, ಬಟ್ಟೆಗೆ ತಾಳಿಕೆ ಬಾಳಿಕೆ ಹೇಳುತ್ತೇವೆ, ಅದಿರಲಿ. ‘ತಾಳಿರಿ’ ಎಂದು ಆಸ್ಪತ್ರೆಯ ಗೋಡೆಯ ಮೇಲೆ ಬರೆದರೆ ಜನ ಕಾಯುತ್ತ ಕೂರುತ್ತಾರೆ. ತಾಳಿದವನು ಬಾಳಿಯಾನು ಎಂಬ ಗಾದೆ ಬಿಸಿಲಿನ ಮಟ್ಟಿಗೆ ಸುಳ್ಳು: ತಲೆ ಸುತ್ತಿದರೂ ತಾಳಿಕೊಂಡು ಗಾರೆ ಹೊರುವವನ ಮೈಶಾಖ 40 ಡಿಗ್ರಿ ದಾಟಿ ಮಾತು ತೊದಲಲು ತೊಡಗಿದರೆ ಅವನ ಜೀವಕ್ಕೇ ಅಪಾಯ. ಅವನು ತಾಳಬಾರದು; ಕೆಲಸ ನಿಲ್ಲಿಸಬೇಕು, ನೆರಳಿಗೆ ಬರಬೇಕು, ಮೈ ತಣಿಸಿಕೊಳ್ಳಬೇಕು. ಇದಕ್ಕೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು ‘ಸುಧಾರಿಸಿಕೊಳ್ಳು’. ಉಸಿರು ಸುಧಾರಿಸಿಕೊಂಡ, ಜ್ವರದಿಂದ ಸುಧಾರಿಸಿಕೊಂಡ, ಮಳೆ ಕೈಕೊಟ್ಟ ವರ್ಷದಿಂದ ಸುಧಾರಿಸಿಕೊಂಡ ಎನ್ನುತ್ತೇವೆ. ಮೊದಲಿಗಿಂತ ಮೇಲಾಗುವುದೂ ಅದರಲ್ಲಿ ಅಡಗಿದೆ.

ಆಶಾ ಕಾರ್ಯಕರ್ತೆಯ ಪ್ರಶ್ನೆಯನ್ನು ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಇಂದಿನ ಪತ್ರಿಕೆಗಳ ಕನ್ನಡದಲ್ಲಿ ‘ಸಮುದಾಯ’ ಎಂದರೆ ಜಾತಿ. ‘ಊರು’ ಅಥವಾ ‘ಓಣಿ’ ಎನ್ನಿ.

ಮಂಗಳೂರಿನಿಂದ:

‘ಬೇಗೆ’ ಬಯಲುಸೀಮೆಗೆ ಸರಿ, ನಮಗಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗರಿಷ್ಠ ತಾಪಮಾನ ಬಯಲಿನಲ್ಲಿ 40 ಡಿಗ್ರಿ ಮುಟ್ಟಿದಾಗ ಈ ಎಚ್ಚರಿಕೆಯ ಮಾತು ಬಂದರೆ, ಕರಾವಳಿಯಲ್ಲಿ 37ಕ್ಕೇ ಬರುತ್ತದೆ; ಅದೂ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ. ಗಾಳಿಯಲ್ಲಿ ನೀರಿನ ಪಸೆ ತುಂಬಿದ್ದಾಗ ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಣಿಯುವುದಿಲ್ಲ. ಅದಕ್ಕೆ ನಮ್ಮ ಹೆಸರು ‘ಸೆಕೆ’. ಕಲಬುರಗಿಯ ಫಲಕವನ್ನು ನಾಳೆ ಇಲ್ಲಿಗೂ ನಕಲು ಮಾಡಬೇಡಿ ಎಂಬಷ್ಟೇ ಕೋರಿಕೆ.

ಶಿವಮೊಗ್ಗದಿಂದ:

ಧಾರವಾಡದವರು ಇಷ್ಟು ದೂರ ನಡೆದು ಕೊನೆಗೆ ಹೊತ್ತು ತಂದದ್ದು ಮರಾಠಿಯ ‘ಸುಧಾರಣೆ’ಯನ್ನು. ಸಂಸ್ಕೃತ ಬೇಡವೆಂದರೆ ಮರಾಠಿ ಬೇಕೆಂದು ನಾನು ಹೇಳಿರಲಿಲ್ಲ.

ಮೈಸೂರಿನಿಂದ:

ಇದನ್ನೇ ನಾನು ನಿರೀಕ್ಷಿಸಿದ್ದೆ. ಶುದ್ಧಿಯ ಹಟಕ್ಕೆ ಬಿದ್ದವರಿಗೆ ತತ್ಸಮವೂ ಸಲ್ಲದು, ಮರಾಠಿಯೂ ಸಲ್ಲದು. ಆದರೆ 2020ರಲ್ಲಿ ‘ಲಾಕ್‌ಡೌನ್’ ಎಂಬುದನ್ನು ಒಂದೇ ವಾರದಲ್ಲಿ ಎಲ್ಲರೂ ನುಂಗಿಕೊಂಡಾಗ ಇವರ ಅಚ್ಚಗನ್ನಡ ಎಲ್ಲಿತ್ತು? ‘ರೆಸಿಲಿಯನ್ಸ್’ ಎಂದೇ ಕನ್ನಡ ಅಕ್ಷರದಲ್ಲಿ ಬರೆದುಬಿಡಿ. ಅರ್ಥವಾಗದಿದ್ದರೂ ಯಾರೂ ಜಗಳವಾಡುವುದಿಲ್ಲ.

ಧಾರವಾಡದಿಂದ:

ಲಾಕ್‌ಡೌನ್ ಎಂಬುದು ಅರ್ಥವಾದದ್ದು ಪದದ ಗುಣದಿಂದಲ್ಲ. ಬಾಗಿಲು ಮುಚ್ಚಿಸಿದವರು ಎದುರಿಗೇ ನಿಂತಿದ್ದರಿಂದ. ಮರಾಠಿಯ ಆಕ್ಷೇಪಕ್ಕೆ ಉತ್ತರ ಇಷ್ಟೇ: ಕೂಲಿಯವರು ಹೊಲದ ಬದುವಿನಲ್ಲಿ ಕುಳಿತು ‘ತುಸು ಸುಧಾರಿಸ್ಕೊಳ್ತೀನಿ’ ಎನ್ನುವಾಗ ಯಾರೂ ನಿಘಂಟು ತೆರೆದು ಅವರ ಪೂರ್ವಿಕರನ್ನು ವಿಚಾರಿಸುವುದಿಲ್ಲ. ಆದರೆ ಶಿವಮೊಗ್ಗದವರ ಒಂದು ಮಾತನ್ನು ಒಪ್ಪುತ್ತೇನೆ. ನೆರೆ, ಬರಗಳಂತೆ ಇಲ್ಲಿಯೂ ಕೆಲಸದ ಮಾತೇ ಬೇಕು. 2010ರ ಮೇ ತಿಂಗಳಲ್ಲಿ 46.8 ಡಿಗ್ರಿ ಕಂಡು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಅಹಮದಾಬಾದು 2013ರಲ್ಲಿ ಮಾಡಿಕೊಂಡ ‘ಹೀಟ್ ಆ್ಯಕ್ಷನ್ ಪ್ಲಾನ್’ ಎಂಬ ವ್ಯವಸ್ಥೆಯ ಹೆಸರಿನಲ್ಲಿ ‘ರೆಸಿಲಿಯನ್ಸ್’ ಇಲ್ಲ, ‘ಆ್ಯಕ್ಷನ್’ ಇದೆ: ಯಾವ ಬಣ್ಣದ ಎಚ್ಚರಿಕೆಗೆ ಯಾರು ಏನು ಮಾಡಬೇಕೆಂಬುದು. ಆದ್ದರಿಂದ ಪ್ರತಿ ಸಲವೂ ಒಂದೇ ನಾಮಪದವನ್ನು ಅಂಟಿಸುವ ಹಟ ಬಿಡಿ. ತಯಾರಿಯ ಅಧ್ಯಾಯದಲ್ಲಿ ‘ಊರು ಬಿಸಿಲಿಗೆ ಸಜ್ಜಾಗುವುದು’, ಚೇತರಿಕೆಯ ಅಧ್ಯಾಯದಲ್ಲಿ ‘ಸುಧಾರಿಸಿಕೊಳ್ಳುವುದು’. ಮೂಲದಲ್ಲಿ ಒಂದು ಪದವಿದೆಯೆಂದು ಕನ್ನಡದಲ್ಲೂ ಒಂದೇ ಇರಬೇಕೆಂಬ ಕಾನೂನಿಲ್ಲ.

‘ಬಿಸಿಗಾಳಿ’ ಪತ್ರಿಕೆಗಳಲ್ಲಿ ಓಡುತ್ತಿದೆ, ಆದರೆ ಎಚ್ಚರಿಕೆಯ ಫಲಕಕ್ಕೆ ಬೇಡ. ಗಾಳಿ ಬೀಸದ ದಿನ ಜನ ಧೈರ್ಯವಾಗಿ ಹೊರಗೆ ಹೋಗುತ್ತಾರೆ. ‘ಉಷ್ಣ ಅಲೆ’ ಬಂದರೆ ಎಲ್ಲಿಂದ ಎಲ್ಲಿಗೆ ಬಂತೆಂದು ಕೇಳುತ್ತಾರೆ.

ಶಿವಮೊಗ್ಗದಿಂದ:

‘ಕೂಲಿಂಗ್ ಸೆಂಟರ್’ ವಿಚಾರವನ್ನು ಎಲ್ಲರೂ ಮರೆತರು. ಶಾಸನಗಳ ಕಾಲದಿಂದ ಬಂದ ‘ಅರವಟಿಗೆ’ ಇರುವಾಗ ‘ತಂಪು ಕೇಂದ್ರ’ವನ್ನು ಹೊಸೆಯುವುದೇಕೆ? ಅಱ ಎಂದರೆ ಧರ್ಮ, ತಮಿಳಿನ ‘ಅಱಮ್’. ಇದನ್ನಾದರೂ ಯಾರೂ ಮರಾಠಿಗೆ ಕೊಡಲಾರರು.

ಕಲಬುರಗಿಯಿಂದ:

ಎಲ್ಲರಿಗೂ ವಂದನೆಗಳು. ಅರವಟಿಗೆ ಇಲ್ಲಿಯೂ ಎಲ್ಲರಿಗೂ ಗೊತ್ತಿರುವ ಮಾತು. ಪ್ರತಿ ಬೇಸಿಗೆಯಲ್ಲೂ ಬಸ್ ನಿಲ್ದಾಣದ ಬಳಿ ಅದರ ಉದ್ಘಾಟನೆಯ ಬ್ಯಾನರು ಕಾಣುತ್ತದೆ. ಅಲ್ಲಿ ನೀರು ಮಾತ್ರವಿರುತ್ತದೆ, ನಮ್ಮಲ್ಲಿ ಕೂರುವ ಜಾಗವೂ ಓಆರ್‌ಎಸ್ ಪೊಟ್ಟಣವೂ ಇರುವುದರಿಂದ ‘ನೆರಳು–ನೀರಿನ ಅರವಟಿಗೆ’ ಎಂದು ಬರೆಸುತ್ತಿದ್ದೇನೆ. ಮೊದಲ ಫಲಕ: ‘ಇಂದು ಉರಿಬಿಸಿಲಿನ ಎಚ್ಚರಿಕೆ ಇದೆ. ಮಧ್ಯಾಹ್ನ 12ರಿಂದ 3ರವರೆಗೆ ನೆರಳಿನಲ್ಲಿರಿ. ತಲೆ ಸುತ್ತಿದರೆ ಕೆಲಸ ನಿಲ್ಲಿಸಿ, ಸುಧಾರಿಸಿಕೊಳ್ಳಿ.’ ಕೈಪಿಡಿಯ ಹೆಸರು ‘ಬಿಸಿಲಿಗೆ ಸಜ್ಜಾದ ಊರು’. ಕೆಲಸ ಕೊಟ್ಟವರು ಮೂಲದ ಪದ ಎಲ್ಲಿ ಹೋಯಿತೆಂದು ಕೇಳಿಯೇ ಕೇಳುತ್ತಾರೆ. ಆಗ ಧಾರವಾಡದವರ ಪತ್ರವನ್ನೇ ಅವರಿಗೆ ಕಳಿಸುತ್ತೇನೆ, ಅನುಮತಿ ಇದೆಯೆಂದು ಭಾವಿಸಿದ್ದೇನೆ.

ಬಣ್ಣದವರು ‘ಅರವಟ್ಟಿಗೆ’ ಎಂದು ಒತ್ತು ಕೊಟ್ಟು ಬರೆಯಬೇಕೋ ‘ಅರವಟಿಗೆ’ ಸಾಕೋ ಎಂದು ಕೇಳುತ್ತಿದ್ದಾರೆ. ನಾಳೆ ಬೆಳಿಗ್ಗೆ ಏಳರೊಳಗೆ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ. ಎಂಟರ ಮೇಲೆ ಅವರು ಏಣಿ ಹತ್ತುವುದಿಲ್ಲವಂತೆ, ಬಿಸಿಲು.