ಅಪ್‌ಡೇಟ್: ಅಪ್ಪನ ಪುಸ್ತಕಗಳಿಗೆ ಮನೆ ಸಿಕ್ಕಿತು

ಅಪ್ಪ ಬಿಟ್ಟುಹೋದ ಸುಮಾರು ಮುನ್ನೂರು ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕದೆ ಯಾರಿಗೆ ಕೊಡಬಹುದು ಎಂದು ಕೇಳಿದ್ದೆ. ಈಗ ಉಳಿದಿರುವುದು ಒಂದೇ ಪೆಟ್ಟಿಗೆ.

"ಮೊದಲು ವಿಂಗಡಿಸಿ" ಎಂದ ಸಲಹೆಯೇ ಕೈಹಿಡಿಯಿತು. ಬೂಷ್ಟು ಹಿಡಿದ ಹನ್ನೊಂದನ್ನು ಮನಸ್ಸು ಗಟ್ಟಿಮಾಡಿಕೊಂಡು ಬೇರೆ ಇಟ್ಟೆ. ತೇವವಿದ್ದರೆ ಅದು ಪಕ್ಕದ ಪುಸ್ತಕಕ್ಕೂ ಹಬ್ಬುತ್ತದೆ. ಗ್ರಂಥಾಲಯಕ್ಕೆ ಹೊತ್ತುಕೊಂಡು ಹೋಗುವ ಬದಲು ಪಟ್ಟಿ ಕಳುಹಿಸಿದೆ. ಕಾದಂಬರಿ, ನಿಘಂಟುಗಳನ್ನು ಆರಿಸಿಕೊಂಡರು, ಹಳೆಯ ಪಠ್ಯಪುಸ್ತಕ ಬೇಡವೆಂದರು.

ಉಳಿದವುಗಳ ಬಗ್ಗೆ ಆನ್‌ಲೈನ್‌ನಲ್ಲಿ ತಿಳಿಸಿದರೆ ಎಲ್ಲರೂ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸಲು ಅದರ ಮೇಲೆ ಮುದ್ರಿಸುವ ಸಂಖ್ಯೆ) ಕೇಳುತ್ತಿದ್ದರು. ಅದು ಅಂತರರಾಷ್ಟ್ರೀಯ ಮಾನದಂಡವಾದದ್ದೇ 1970ರಲ್ಲಿ. ಅಪ್ಪನ ಬಹುಪಾಲು ಪುಸ್ತಕಗಳು ಅದಕ್ಕೂ ಹಿಂದಿನವು. ಹಾಗಾಗಿ ಶೀರ್ಷಿಕೆ ಪುಟದ, ಮುದ್ರಣದ ವಿವರವಿರುವ ಪುಟದ ಫೋಟೊ ತೆಗೆದು ಅಲ್ಲಿ ಹಂಚಿಕೊಂಡೆ. ವ್ಯಾಕರಣದ ಪುಸ್ತಕವೊಂದನ್ನು ಹುಡುಕಿಕೊಂಡು ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಮನೆಗೇ ಬಂದರು. ಅಂಚಿನಲ್ಲಿ ಅಪ್ಪ ಪೆನ್ಸಿಲ್‌ನಿಂದ ಬರೆದಿದ್ದ ಟಿಪ್ಪಣಿಗಳನ್ನು ಅಳಿಸಿ ಕೊಡಲೇ ಎಂದೆ. "ಬೇಡ, ಇವೂ ನನಗೆ ಬೇಕು" ಎಂದು ಪುಸ್ತಕವನ್ನು ಎದೆಗೊತ್ತಿಕೊಂಡರು. ನನ್ನ ಕಣ್ಣು ತುಂಬಿ ಬಂತು.

ಉಳಿದ ಪೆಟ್ಟಿಗೆಯಲ್ಲಿರುವುದು ವಿಶ್ವಕೋಶವೊಂದರ ಬಿಡಿ ಸಂಪುಟಗಳು. ಯಾರ ಸೆಟ್‌ನಲ್ಲಾದರೂ ಮೂರನೆಯದು, ಏಳನೆಯದು ಕಳೆದುಹೋಗಿದ್ದರೆ ದಯವಿಟ್ಟು ತಿಳಿಸಿ. ಸಲಹೆ ಕೊಟ್ಟ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.