ತಾರಸಿ ಟೊಮೆಟೊ: ಹೂವು ನಿಲ್ಲುತ್ತಿಲ್ಲ, ಏನು ಮಾಡಲಿ?

ಬೆಂಗಳೂರಿನಿಂದ ಪ್ರಶ್ನೆ:
ತಾರಸಿಯ ಗ್ರೋ ಬ್ಯಾಗ್‌ಗಳಲ್ಲಿ ನಾಟಿ ಟೊಮೆಟೊ ಹಾಕಿದ್ದೇನೆ. ಗಿಡ ಎದೆಮಟ್ಟ ಬೆಳೆದಿದೆ. ಏಪ್ರಿಲ್ ಶುರುವಾದಾಗಿನಿಂದ ಹೂವೆಲ್ಲ ಉದುರುತ್ತಿದೆ. ಕಚ್ಚಿದ ನಾಲ್ಕಾರು ಕಾಯಿಗಳ ತಳವೂ ಕಪ್ಪಾಗುತ್ತಿದೆ. ಯಾವ ಔಷಧಿ ಹೊಡೆಯಲಿ?

ರಾಯಚೂರಿನಿಂದ:
ಔಷಧಿ ಏನೂ ಬೇಡ ನೋಡ್ರಿ. ಬಿಸಿಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಕೆಡುತ್ತದೆ, ಹೂವು ಉದುರುತ್ತದೆ. ನಾವಂತೂ ಬೇಸಿಗೆಯಲ್ಲಿ ಟೊಮೆಟೊ ಆಸೆಯನ್ನೇ ಬಿಟ್ಟಿದ್ದೇವೆ. ನಿಮ್ಮ ಊರು ಇನ್ನೂ ತಂಪು, ಮಧ್ಯಾಹ್ನ ಶೇಡ್ ನೆಟ್ ಕಟ್ಟಿ ನೋಡಿ. ಬೆಳಿಗ್ಗೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ, ಅಲುಗಾಡಿದರೆ ಸಾಕು. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ಬರೀ ಎಲೆ ಜಾಸ್ತಿಯಾಗುತ್ತದೆ.

ಮೈಸೂರಿನಿಂದ:
ತಳ ಕಪ್ಪಾಗುವುದೂ ಅಂಟುರೋಗವಲ್ಲ. ಕಾಯಿಗೆ ಕ್ಯಾಲ್ಸಿಯಂ ತಲುಪಿಲ್ಲ, ಅಷ್ಟೇ. ಎಷ್ಟೋ ಸಲ ಮಣ್ಣಿನಲ್ಲಿ ಬೇಕಾದಷ್ಟು ಇರುತ್ತದೆ. ಆದರೆ ಅದು ನೀರಿನ ಜೊತೆಯೇ ಮೇಲೇರಬೇಕು. ಒಂದು ದಿನ ಬ್ಯಾಗ್ ಪೂರ್ತಿ ಒಣಗಿಸಿ ಮರುದಿನ ಬಕೆಟ್‌ಗಟ್ಟಲೆ ಸುರಿದರೆ ಹೀಗೇ ಆಗುವುದು. ದಿನಾ ಹದವಾಗಿ ನೀರು ಕೊಡಿ, ಬುಡಕ್ಕೆ ಒಣ ಎಲೆ ಹೊದಿಸಿ. ಮೊಟ್ಟೆ ಚಿಪ್ಪು ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಕರಗಲು ತಿಂಗಳುಗಟ್ಟಲೆ ಬೇಕು, ಈ ಫಸಲಿಗೆ ಸುಮ್ನೆ ಶ್ರಮ. ಕಪ್ಪಾದ ಕಾಯಿಗಳನ್ನು ಕಿತ್ತುಬಿಡಿ. ಕೊಳೆಯದಿದ್ದರೆ ಕಪ್ಪು ಭಾಗ ತೆಗೆದು ಉಳಿದದ್ದು ಸಾರಿಗೆ ಆಗುತ್ತದೆ.

ಮಂಗಳೂರಿನಿಂದ:
ನಿಮಗೆ ಹೂವಿನ ಚಿಂತೆ, ನಮಗೆ ಗಿಡವೇ ಉಳಿಯುವುದಿಲ್ಲ ಮಾರಾಯ್ರೇ! ಹಚ್ಚಗಿದ್ದ ಗಿಡ ಇದ್ದಕ್ಕಿದ್ದಂತೆ ಜೋಲು ಬೀಳುತ್ತದೆ. ಕಾಂಡ ಕತ್ತರಿಸಿ ನೀರಿನ ಲೋಟದಲ್ಲಿ ಹಿಡಿದರೆ ಬಿಳಿ ಎಳೆ ಇಳಿಯುತ್ತದೆ. ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಬಂದ ಮೇಲೆ ಮದ್ದಿಲ್ಲ, ಬೇರು ಸಮೇತ ಕಿತ್ತು ಎಸೆಯಬೇಕು. ಆ ಮಣ್ಣಿಗೆ ಬದನೆ, ಮೆಣಸಿನಕಾಯಿಯೂ ಬೇಡ. ಈಗ ನಾವು ಹಾಕುವುದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್. ಸೊರಗು ರೋಗ, ಬಿಳಿ ನೊಣ ಹರಡುವ ಎಲೆ ಮುದುಡು ರೋಗ, ಎಲೆ ಚುಕ್ಕೆಯ ಅಂಗಮಾರಿ, ಮೂರನ್ನೂ ತಡೆದುಕೊಳ್ಳುವ ತಳಿ. ರುಚಿಯಲ್ಲಿ ನಾಟಿಯ ಹುಳಿ ಇಲ್ಲ, ಅದು ನಿಜ. ಹೈಬ್ರಿಡ್ ಆದ್ದರಿಂದ ಹಣ್ಣಿನ ಬೀಜ ತೆಗೆದಿಟ್ಟು ಪ್ರಯೋಜನವಿಲ್ಲ, ಪ್ರತಿ ಸಲ ಹೊಸದು ಕೊಳ್ಳಬೇಕು.

ಬೆಂಗಳೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಶೇಡ್ ನೆಟ್ ಎಷ್ಟು ಪರ್ಸೆಂಟಿನದು ತರಲಿ?

ರಾಯಚೂರಿನಿಂದ:
50ರದ್ದು, ಅಂದರೆ ಅರ್ಧ ಬಿಸಿಲು ತಡೆಯುವುದು, ಸಾಕು. 75ರದ್ದು ಕಟ್ಟಿದರೆ ಗಿಡ ಬೆಳಕಿಗಾಗಿ ಸುಮ್ನೆ ಉದ್ದ ಹೋಗುತ್ತದೆ. ಮಳೆ ಶುರುವಾದ ಮೇಲೆ ಬಿಚ್ಚಿಬಿಡಿ.